ಹುಲ್ಲಿನೊಳಗಿನ ಹುಲ್ಲು

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಮನೆಯಿದೆ. ಮನೆಯ ಮುಂದೆ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಹುಲ್ಲುಹಾಸು. ಅದು ಗರಿಕೆಯ ಹಾಸು. ಮನೆ ಕಟ್ಟಿಸಿದ ವರ್ಷ ಯಜಮಾನರೇ ಮುಂದೆ ನಿಂತು ನೆಡಿಸಿದ್ದು. ಸಂಜೆ ಅಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕುಳಿತುಕೊಳ್ಳುವುದು ಅವರ ದಿನಚರಿ. ಸಂಕಷ್ಟ ಚತುರ್ಥಿ ಬಂದರೆ ಅವರ ವೃದ್ಧ ತಾಯಿ ಅದೇ ಹಾಸಿನ ಅಂಚಿನಿಂದ ಇಪ್ಪತ್ತೊಂದು ಕುಡಿ ಗರಿಕೆಯನ್ನು ಎಣಿಸಿ ಕಿತ್ತು ಗಣಪತಿಗೆ ಏರಿಸುವರು. ಕತ್ತರಿಸಿ ಉಳಿದ ಹುಲ್ಲು ಹಿಂದಿನ ಬೀದಿಯ ಹಾಲಿನವನ ಹಸುವಿಗೆ ಹೋಗುವುದು. ಹೀಗೆ ಆ ಒಂದಂಗೈ ಹಸುರು ದೇವರಿಗೂ ದನಕ್ಕೂ ಮನೆಯವರಿಗೂ ಏಕಕಾಲದಲ್ಲಿ ಬೇಕಾದುದಾಗಿತ್ತು.

ಒಂದು ವರ್ಷ ಮುಂಗಾರು ಹಿಡಿದ ಮೇಲೆ ಹಾಸಿನ ನಡುವೆ ಅಲ್ಲಲ್ಲಿ ಬೇರೊಂದು ಹುಲ್ಲು ಕಾಣಿಸಿಕೊಂಡಿತು. ನೆಲಕ್ಕೆ ಒತ್ತಿ ಹಿಡಿದಂತೆ ಚಪ್ಪಟೆಯಾದ ದಂಟು, ಬಂಡಿಯ ಚಕ್ರದ ಅರಗಳಂತೆ ಸುತ್ತ ಹರಡಿದ ಗರಿಗಳು, ನಟ್ಟನಡುವೆ ಬೆಳ್ಳಿಯಂಥ ಬಿಳುಪು. ಕೈಯಿಂದ ಎಳೆದರೆ ಗರಿ ಬರುವುದು, ಬುಡ ಬಾರದು. ತೋಟದ ಆಳು ಮಾಗಡಿಯ ಕಡೆಯವನು. ಅವನು ಒಮ್ಮೆ ಬಗ್ಗಿ ನೋಡಿದೊಡನೆಯೇ, “ಇದು ನಮ್ಮ ರಾಗಿಯ ದಾಯಾದಿ, ಸ್ವಾಮಿ. ತೆನೆ ಕಟ್ಟುವುದಕ್ಕೆ ಮೊದಲೇ ಕಿತ್ತುಬಿಡೋಣ” ಎಂದನು. ಯಜಮಾನರಿಗೆ ಅದು ಸರಿಬೀಳಲಿಲ್ಲ. ವಿಜ್ಞಾನ ಇಷ್ಟು ಮುಂದುವರಿದಿರುವಾಗ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳಿಸುವುದೇ? ಅವರು ಪೇಟೆಯ ಔಷಧದಂಗಡಿಗೆ ಹೋಗಿ, “ಹುಲ್ಲಿನ ಜಾತಿಯ ಕಳೆಯನ್ನು ಮಾತ್ರ ಕೊಂದು, ಬೇಕಾದ ಗಿಡವನ್ನು ಮುಟ್ಟದೆ ಬಿಡುವ ಔಷಧ ಇದೆಯೇ?” ಎಂದು ಕೇಳಿದರು. “ಇದೆ ಸ್ವಾಮಿ, ಶೇಂಗಾ ಹಾಕುವವರು, ಈರುಳ್ಳಿ ಹಾಕುವವರು ಎಲ್ಲರೂ ಇದನ್ನೇ ಒಯ್ಯುತ್ತಾರೆ” ಎಂದು ಅಂಗಡಿಯವನು ಒಂದು ಸೀಸೆಯನ್ನು ಕೊಟ್ಟನು.

ಕೇಳಿದವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಕೊಟ್ಟವನ ಉತ್ತರದಲ್ಲಿ ಸುಳ್ಳಿರಲಿಲ್ಲ. ಆದರೂ ಅನರ್ಥ ನಡೆದುಹೋಯಿತು.

ಔಷಧ ಸಿಂಪಡಿಸಿದ ಐದನೆಯ ದಿನ ಸಂಕಷ್ಟ ಚತುರ್ಥಿ. ಹಾಸು ನೋಡುವುದಕ್ಕೆ ಹಸುರಾಗಿಯೇ ಇತ್ತು. ತಾಯಿ ಎಂದಿನಂತೆ ತಟ್ಟೆ ಹಿಡಿದು ಬಂದು ಬಗ್ಗಿದರು. ಸೀಸೆಯೊಡನೆ ಬಂದಿದ್ದ ಮಡಿಕೆಯ ಕಾಗದವನ್ನು ಆ ಮನೆಯಲ್ಲಿ ಓದಿದ್ದವರು ಸೊಸೆ ಒಬ್ಬರೇ. ಅವರು ಒಳಗಿನಿಂದ ಓಡಿಬಂದು, “ಬೇಡಿ ಅತ್ತೆ, ಅದಕ್ಕೆ ಔಷಧ ಹೊಡೆಸಿದ್ದಾರೆ” ಎಂದು ಕೈಹಿಡಿದರು. ಅಂದೇ ಸಂಜೆ ಗೋಣಿಚೀಲ ಹಿಡಿದು ಬಂದ ಹಾಲಿನವನ ಮಗನನ್ನೂ ಅವರೇ ಬರಿಗೈಯಲ್ಲಿ ಹಿಂದಿರುಗಿಸಬೇಕಾಯಿತು. ಮೂರು ವಾರ ಕಳೆಯುವುದರೊಳಗೆ ರಾಗಿಯ ದಾಯಾದಿಯ ಜೊತೆಗೆ ಗರಿಕೆಯೂ ಕಂದುಬಣ್ಣಕ್ಕೆ ತಿರುಗಿತು. ಇಡೀ ಹಾಸಿನಲ್ಲಿ ಹಸುರಾಗಿ ಉಳಿದವು ಎರಡೇ: ಒಂದು ಮೂಲೆಯ ಒಂದೆಲಗ, ಇನ್ನೊಂದು ಮೂಲೆಯ ಹುಳಿಸೊಪ್ಪು.

*

ಆಯ್ದು ಕೊಲ್ಲುವ ಔಷಧ ಎಂದೊಡನೆ ಅದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ವಿವೇಕವಿದೆಯೆಂದು ಜನ ಭಾವಿಸುವುದುಂಟು. ಔಷಧಕ್ಕೆ ಆ ವಿವೇಕವಿಲ್ಲ. ಅದಕ್ಕೆ ತಿಳಿದಿರುವುದು ಗಿಡದ ದೇಹದ ರಚನೆ ಮಾತ್ರ. ಯಾವುದರಿಂದ ಯಾವುದನ್ನು ಬೇರ್ಪಡಿಸಿ ಕೊಲ್ಲುತ್ತದೆ ಎಂಬುದನ್ನು ಕೇಳದೆ ಕೊಂಡ ಔಷಧ, ಅಂಕಿತ ನೋಡದೆ ರುಜು ಹಾಕಿದ ಪತ್ರದಂತೆ.

ಈ ಬಗೆಯ ಔಷಧಗಳ ಕಥೆ ಒಂದು ಹುಲ್ಲಿನ ಮೊಳಕೆಯಿಂದಲೇ ಆರಂಭವಾಗುವುದು ವಿಚಿತ್ರವಾದರೂ ನಿಜ. ಹುಲ್ಲಿನ ಎಳೆಯ ಮೊಳಕೆ ಬೆಳಕಿನ ಕಡೆಗೆ ಬಾಗುವುದೇಕೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ಸನೊಡನೆ ಪರೀಕ್ಷಿಸಿ ೧೮೮೦ರಲ್ಲಿ ಪ್ರಕಟಿಸಿದನು. ಬೆಳಕನ್ನು ಅರಿಯುವುದು ಮೊಳಕೆಯ ತುದಿ, ಬಾಗುವುದು ಅದರ ಕೆಳಗಿನ ಭಾಗ; ಆದುದರಿಂದ ತುದಿಯಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಇಳಿಯುತ್ತಿರಬೇಕು ಎಂದು ತಂದೆ ಮಕ್ಕಳು ಊಹಿಸಿದರು. ಆ ‘ಏನೋ ಒಂದು’ ಬೆಳವಣಿಗೆಯ ಚೋದಕವೆಂದು ೧೯೨೦ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ತೋರಿಸಿಕೊಟ್ಟನು. ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು ಆಕ್ಸಿನ್ನಿನಂತೆ ನಟಿಸುವ ಕೃತಕ ವಸ್ತುಗಳನ್ನು ತಯಾರಿಸಿದರು. ಅವುಗಳಲ್ಲಿ ಪ್ರಸಿದ್ಧವಾದುದು ೨,೪-ಡಿ. ೧೯೪೪ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮಾರ್ತ್ ಮತ್ತು ಮಿಚೆಲ್ ಎಂಬಿಬ್ಬರು ಅದನ್ನು ಹುಲ್ಲುಹಾಸಿನ ಮೇಲೆಯೇ ಸಿಂಪಡಿಸಿ ನೋಡಿದರು. ಡ್ಯಾಂಡೆಲಿಯನ್ ಎಂಬ ಅಗಲ ಎಲೆಯ ಕಳೆ ತಿರುಚಿಕೊಂಡು ಸತ್ತಿತು. ಹುಲ್ಲಿಗೆ ಏನೂ ಆಗಲಿಲ್ಲ. ಅಗಲ ಎಲೆಯ ಗಿಡ ಅಳತೆಮೀರಿದ ಚೋದಕದಿಂದ ಹುಚ್ಚೆದ್ದು ಬೆಳೆದು ತನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಹುಲ್ಲಾದರೋ ಆ ವಸ್ತುವನ್ನು ತನ್ನೊಳಗೆ ದೂರ ಸಾಗಗೊಡದೆ, ಬೇಗನೆ ಕಟ್ಟಿಹಾಕಿ ನಿರುಪದ್ರವಿಯನ್ನಾಗಿ ಮಾಡಿಬಿಡುತ್ತದೆ.

ಈ ಗೆಲುವಿನ ಹಿಂದೆಯೇ ಎರಡು ಪಾಠಗಳು ಬಂದವು. ಅದುವರೆಗೆ ಅಮೆರಿಕದ ಮನೆಗಳ ಹುಲ್ಲುಹಾಸಿನಲ್ಲಿ ಬಿಳಿಯ ಕ್ಲೋವರ್ ಎಂಬ ಪುಟ್ಟ ಸಸ್ಯ ಗೌರವದಿಂದ ಬಾಳುತ್ತಿತ್ತು. ಹುಲ್ಲಿನ ಬೀಜದ ಜೊತೆಗೆ ಅದರ ಬೀಜವನ್ನೂ ಬೆರೆಸಿ ಮಾರುತ್ತಿದ್ದರು. ಅದು ಗಾಳಿಯ ಸಾರಜನಕವನ್ನು ನೆಲಕ್ಕೆ ಇಳಿಸಿ ಹುಲ್ಲಿಗೆ ಉಣಿಸುತ್ತಿತ್ತು. ೨,೪-ಡಿ ಅದನ್ನೂ ಕೊಂದಿತು. ಔಷಧದಿಂದ ಸಾಯುವುದೆಲ್ಲ ಕಳೆ ಎಂದಾಗಿ, ನಿನ್ನೆಯ ನೆಂಟ ಇಂದಿನ ಕಳ್ಳನಾದನು. ಎರಡನೆಯ ಪಾಠ ಇನ್ನೂ ಕಠಿಣ. ಅಗಲ ಎಲೆಯ ಕಳೆಗಳು ತೊಲಗಿ ತೆರವಾದ ಜಾಗಕ್ಕೆ ಹುಲ್ಲಿನ ಜಾತಿಯ ಕಳೆಗಳು ನುಗ್ಗಿದವು. ಅವನ್ನು ೨,೪-ಡಿ ಮುಟ್ಟಲಾರದು. ಏಕೆಂದರೆ ಅವು ಹುಲ್ಲೇ.

ಹುಲ್ಲಿನೊಳಗಿನ ಹುಲ್ಲನ್ನು ಆರಿಸಿ ಕೊಲ್ಲುವುದು ಹೇಗೆ? ಕಷ್ಟವಿರುವುದು ಇಲ್ಲಿಯೇ.

*

ಬಡಾವಣೆಯ ಯಜಮಾನರಿಗೆ ದೊರೆತ ಔಷಧ ಹುಲ್ಲುಗಳ ಮೇಲೆಯೇ ಕೆಲಸಮಾಡುವ ವರ್ಗದ್ದು. ಗಿಡದ ಜೀವಕೋಶದಲ್ಲಿ ಕೊಬ್ಬಿನ ಆಮ್ಲ ತಯಾರಾಗುವುದಕ್ಕೆ ಒಂದು ಕಿಣ್ವ ಬೇಕು. ಹುಲ್ಲುಗಳಲ್ಲಿ ಆ ಕಿಣ್ವದ ರಚನೆ ಒಂದು ಬಗೆ, ಶೇಂಗಾ ಮೊದಲಾದ ದ್ವಿದಳ ಸಸ್ಯಗಳಲ್ಲಿ ಇನ್ನೊಂದು ಬಗೆ. ಔಷಧ ಹುಲ್ಲಿನ ಕಿಣ್ವವನ್ನು ಹಿಡಿದುಹಾಕುತ್ತದೆ. ಆಗ ಹೊಸ ಜೀವಕೋಶಕ್ಕೆ ಪೊರೆಯೇ ಇಲ್ಲದಂತಾಗಿ ಎಳೆಯ ಸುಳಿ ಬುಡದಲ್ಲಿ ಕೊಳೆಯುತ್ತದೆ. ಹೊರಗಿನ ಗರಿ ಕೆಲವು ದಿನ ಹಸುರಾಗಿಯೇ ತೋರುವುದು ಇದರಿಂದಲೇ. ಶೇಂಗಾದ ಹೊಲದಲ್ಲಿ ಇದು ನಿಜವಾಗಿಯೂ ಆಯ್ದು ಕೊಲ್ಲುವ ಔಷಧ. ಗರಿಕೆಯ ಹಾಸಿನ ಮೇಲೆ ಸಾರಾಸಗಟು ಸಂಹಾರ. ಒಂದೆಲಗ ಉಳಿದದ್ದೂ ಗರಿಕೆ ಸತ್ತದ್ದೂ ಔಷಧದ ದೃಷ್ಟಿಯಿಂದ ಸರಿಯಾಗಿಯೇ ನಡೆದ ಕೆಲಸ.

ಇನ್ನೊಂದು ಔಷಧದ ಚರಿತ್ರೆ ಬೆಂಗಳೂರಿನವರಿಗೆ ಹತ್ತಿರದ್ದು. ಇಲ್ಲಿನ ಉದ್ಯಾನಗಳಲ್ಲಿ ಕೆಂಪು ಕುಂಚದಂಥ ಹೂಬಿಡುವ ‘ಬಾಟಲ್ ಬ್ರಷ್’ ಮರವನ್ನು ಕಾಣದವರಿಲ್ಲ. ಆಸ್ಟ್ರೇಲಿಯ ಮೂಲದ ಈ ಮರದ ಕೆಳಗೆ ಕಳೆ ಹೆಚ್ಚಾಗಿ ಬೆಳೆಯದಿರುವುದನ್ನು ೧೯೭೭ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಯೊಬ್ಬನು ಗಮನಿಸಿದನು. ಮರ ಸ್ರವಿಸುವ ವಸ್ತುವನ್ನು ಬೇರ್ಪಡಿಸಿ, ಅದರ ಮಾದರಿಯನ್ನು ತಿದ್ದಿ ತೀಡಿ, ಕಡೆಗೆ ಮೆಸೊಟ್ರಿಯೋನ್ ಎಂಬ ಔಷಧ ಸಿದ್ಧವಾಯಿತು. ಅದು ತಗುಲಿದ ಕಳೆಯ ಎಲೆ ಸುಣ್ಣ ಬಳಿದಂತೆ ಬಿಳುಪೇರಿ ಸಾಯುತ್ತದೆ. ಅಮೆರಿಕದ ಶೀತಪ್ರದೇಶಗಳಲ್ಲಿ ಬೆಳೆಸುವ ‘ಕೆಂಟಕಿ ಬ್ಲೂ’ ಹುಲ್ಲು ಅದನ್ನು ತಾಳಿಕೊಳ್ಳುತ್ತದೆ. ಅಲ್ಲಿಯವರಿಗೆ ಅದು ವರದಾನ. ಆದರೆ ಗರಿಕೆ ತಾಳಲಾರದು. ಒಂದೂರಿನ ಹುಲ್ಲಿಗೆ ಮದ್ದಾದುದು ಇನ್ನೊಂದೂರಿನ ಹುಲ್ಲಿಗೆ ವಿಷ. ಪರದೇಶದ ನೆಂಟರು ಬರೆದು ತಿಳಿಸಿದ ಔಷಧವನ್ನು ಹೆಸರು ಹಿಡಿದು ತರಿಸುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಕ್ವಿನ್‌ಕ್ಲೊರಾಕ್ ಎಂಬ ಇನ್ನೊಂದು ವಸ್ತುವನ್ನು ಗರಿಕೆ ತಾಳಿಕೊಳ್ಳುತ್ತದೆ. ಬೆರಳುಗಳಂತೆ ತೆನೆ ಚಾಚುವ ಡಿಜಿಟೇರಿಯ ಎಂಬ ಕಳೆಹುಲ್ಲನ್ನು ಅದು ಕೊಲ್ಲುತ್ತದೆ. ರಾಗಿಯ ದಾಯಾದಿಯನ್ನು ಮಾತ್ರ ಮುಟ್ಟದೆ ಬಿಡುತ್ತದೆ. ಇವೆರಡೂ ದೂರದಿಂದ ನೋಡುವವರಿಗೆ ಒಂದೇ. ಆದುದರಿಂದ ಕಳೆಯ ಗುರುತು ಹಿಡಿಯುವುದು ಮೊದಲ ಕೆಲಸ, ಔಷಧದ ಮಾತು ಆಮೇಲಿನದು. ದಂಟನ್ನು ಬೆರಳುಗಳ ನಡುವೆ ಹೊರಳಿಸಿದಾಗ ಮೂರು ಮೂಲೆ ಕೈಗೆ ತಗುಲಿದರೆ ಅದು ಹುಲ್ಲೇ ಅಲ್ಲ, ಜೇಕು. ಅದರ ಗಡ್ಡೆ ನೆಲದೊಳಗೆ ಸರಪಣಿಯಂತೆ ಹಬ್ಬಿರುತ್ತದೆ, ಅದಕ್ಕೆ ಚಿಕಿತ್ಸೆಯೇ ಬೇರೆ. ದಂಟು ಚಪ್ಪಟೆಯಾಗಿ, ಬುಡ ಬೆಳ್ಳಗಿದ್ದು, ತೆನೆ ಬಡಕಲು ರಾಗಿಯಂತಿದ್ದರೆ ಅದು ಮಾಗಡಿಯವನು ಹೇಳಿದ ದಾಯಾದಿ.

*

ಆ ಆಳಿನ ಮಾತು ಬರಿಯ ಉಪಮೆಯಲ್ಲ. ಸಸ್ಯಶಾಸ್ತ್ರಜ್ಞರು ಈ ಕಳೆಯನ್ನು ಎಲ್ಯುಸಿನಿ ಇಂಡಿಕ ಎನ್ನುತ್ತಾರೆ. ರಾಗಿ ಎಲ್ಯುಸಿನಿ ಕೊರಕಾನ. ಧಾನ್ಯದೇವತೆ ಡಿಮಿಟರಳ ಗುಡಿಯಿದ್ದ ಗ್ರೀಸಿನ ಎಲ್ಯುಸಿಸ್ ಎಂಬ ಊರಿನಿಂದ ಬಂದ ಕುಲನಾಮ ಅದು. ರಾಗಿಯ ಪ್ರತಿ ಜೀವಕೋಶದಲ್ಲಿ ೩೬ ವರ್ಣತಂತುಗಳಿವೆ, ಈ ಕಳೆಯಲ್ಲಿ ೧೮. ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ ಮನುಷ್ಯ ರಾಗಿಯನ್ನು ಒಕ್ಕಲುತನಕ್ಕೆ ತರುವುದಕ್ಕೂ ಬಹು ಹಿಂದೆ, ಎರಡು ಕಾಡುಹುಲ್ಲುಗಳ ವಂಶ ಕೂಡಿ ರಾಗಿಯ ಮೂಲ ಹುಟ್ಟಿತು. ಆ ಎರಡರಲ್ಲಿ ಒಂದು ಈ ಕಳೆಯ ಮನೆತನದ್ದೇ. ಮುದ್ದೆಯ ಹಿರಿಯಜ್ಜ ಹುಲ್ಲುಹಾಸಿನಲ್ಲಿ ಕಳೆಯೆಂದು ಬೈಸಿಕೊಳ್ಳುತ್ತಾನೆ. ಇತ್ತ ಮಾಗಡಿಯ ರಾಗಿಯ ಹೊಲದಲ್ಲಿ ಗಣಪತಿಗೆ ಪ್ರಿಯವಾದ ಗರಿಕೆಯೇ ರೈತನ ನಿದ್ದೆ ಕೆಡಿಸುವ ಕಳೆ. ಕಳೆ ಎಂಬುದು ಗಿಡದ ಹೆಸರಲ್ಲ, ಅದು ನಿಂತ ಜಾಗದ ಹೆಸರು.

ಈ ದಾಯಾದಿ ವಾರ್ಷಿಕ ಸಸ್ಯ. ಪ್ರತಿ ವರ್ಷವೂ ಬೀಜದಿಂದಲೇ ಹುಟ್ಟಬೇಕು. ಆದರೆ ಒಂದೇ ಬುಡ ಸಾವಿರಾರು ಬೀಜ ಉದುರಿಸಬಲ್ಲದು. ಗರಿಕೆಯಾದರೋ ನೆಲದೊಳಗಿನ ಕಾಂಡದಿಂದ ವರ್ಷ ವರ್ಷವೂ ಚಿಗುರುವಂಥದು. ಇಬ್ಬರ ಜೀವನಕ್ರಮದ ಈ ವ್ಯತ್ಯಾಸವನ್ನೇ ಹಿಡಿದು ಕೆಲಸಮಾಡುವ ಔಷಧಗಳೂ ಇವೆ. ಪೆಂಡಿಮೆಥಾಲಿನ್ ಅಂಥದು. ಅದು ಮಣ್ಣಿನ ಮೇಲ್ಪದರದಲ್ಲಿ ತೆಳುವಾದ ಹೊದಿಕೆಯಂತೆ ನಿಂತು, ಮೊಳೆಯುವ ಬೀಜದ ಬೇರಿನಲ್ಲಿ ಜೀವಕೋಶ ಎರಡಾಗುವುದನ್ನು ತಡೆಯುತ್ತದೆ. ಆಳಕ್ಕೆ ಬೇರೂರಿದ ಗರಿಕೆ ಪಾರಾಗುತ್ತದೆ. ಮೊಳಕೆ ನೆಲಬಿಟ್ಟು ಮೇಲೇಳದು. ಆದರೆ ಕಳೆ ಕಣ್ಣಿಗೆ ಕಂಡಮೇಲೆ ಹಾಕಿದರೆ ಅದರಿಂದ ಫಲವಿಲ್ಲ. ಬೆಂಗಳೂರಿನ ಹವೆಯಲ್ಲಿ ಏಪ್ರಿಲ್-ಮೇ ತಿಂಗಳ ಮೊದಲ ಮಳೆಗೆ ಬೀಜ ಮೊಳೆಯತೊಡಗುವುದರಿಂದ ಅದಕ್ಕಿಂತ ಮುಂಚೆಯೇ ಕಾಲ. ಹೊಸದಾಗಿ ಬೀಜ ಬಿತ್ತಿದ ಅಥವಾ ಆಗತಾನೆ ನೆಟ್ಟ ಹಾಸಿಗೆ ಅದನ್ನು ಸೋಂಕಿಸಲೇ ಕೂಡದು. ಮೀನುಗಳಿಗೆ ಅದು ಘೋರ ವಿಷ. ಸೀಸೆ ತೊಳೆದ ನೀರು ಮೋರಿಗೆ ಇಳಿದರೆ ಕೆರೆಗೆ ಇಳಿದಂತೆಯೇ.

ಇಷ್ಟು ಮಾಡಿದರೂ ಹಗೆ ಸುಮ್ಮನಿರುವುದಿಲ್ಲ. ಅಮೆರಿಕದ ದಕ್ಷಿಣ ಕೆರೊಲಿನದ ಹತ್ತಿಯ ಹೊಲಗಳಲ್ಲಿ ಪೆಂಡಿಮೆಥಾಲಿನ್ನಿನ ವರ್ಗದ ಔಷಧವನ್ನು ವರ್ಷಗಟ್ಟಲೆ ಬಳಸಿದಾಗ, ಅದಕ್ಕೆ ಜಗ್ಗದ ಪೀಳಿಗೆಯೇ ಈ ಕಳೆಯಲ್ಲಿ ಹುಟ್ಟಿಕೊಂಡಿತು. ಮಲೇಷ್ಯದಲ್ಲಿ ೧೯೯೭ರಲ್ಲಿ ಗ್ಲೈಫೋಸೇಟಿಗೂ ಬಗ್ಗದ ಪೀಳಿಗೆ ಕಾಣಿಸಿಕೊಂಡಿತು. ಸಾವಿರ ಬೀಜದಲ್ಲಿ ಒಂದು ಸಾಯದೆ ಉಳಿದರೆ, ಮುಂದಿನ ವರ್ಷದ ಸಾವಿರವೂ ಅದರ ಮಕ್ಕಳೇ. ಒಂದೇ ಔಷಧವನ್ನು ಮೇಲಿಂದ ಮೇಲೆ ಹೊಡೆಯುವವನು ಕಳೆಯನ್ನು ಕೊಲ್ಲುತ್ತಿಲ್ಲ, ಗಟ್ಟಿಯಾದ ಕಳೆಯನ್ನು ಸಾಕುತ್ತಿದ್ದಾನೆ.

*

ಹಿಂದಿನವರು ಈ ವಿಷಯದಲ್ಲಿ ಇನ್ನೂ ಎಗ್ಗಿಲ್ಲದೆ ನಡೆದುಕೊಂಡಿದ್ದರು. ಹುಲ್ಲಿನ ಕಳೆಗೆಂದು ಪಾಷಾಣದ ಸಂಯುಕ್ತಗಳನ್ನೇ ಹಾಸಿನ ಮೇಲೆ ಹಾಕಿದ ಕಾಲವೊಂದಿತ್ತು. ಅವುಗಳ ವಂಶದ ಎಂ. ಎಸ್. ಎಂ. ಎ. ಎಂಬುದನ್ನು ಅಮೆರಿಕದಲ್ಲಿ ಮನೆಯಂಗಳದ ಹುಲ್ಲಿನಿಂದ ಹೊರದೂಡಲು ೨೦೦೯ರವರೆಗೆ ಕಾಯಬೇಕಾಯಿತು. ಭಾರತದಲ್ಲಿ ೧೯೬೮ರ ಕೀಟನಾಶಕ ಕಾಯಿದೆಯೇ ಕಳೆನಾಶಕಗಳಿಗೂ ಅನ್ವಯಿಸುತ್ತದೆ. ಗ್ಲೈಫೋಸೇಟನ್ನು ಕೀಟನಿಯಂತ್ರಣದ ವೃತ್ತಿಗಾರರ ಮೂಲಕವೇ ಹೊಡೆಸತಕ್ಕದ್ದೆಂದು ಕೇಂದ್ರ ಸರ್ಕಾರ ೨೦೨೨ರಲ್ಲಿ ಅಧಿಸೂಚನೆ ಹೊರಡಿಸಿತು. ಪ್ರತಿ ಸೀಸೆಯ ಚೀಟಿಯ ಮೇಲೆಯೂ ಬಣ್ಣದ ಗುರುತೊಂದಿರುತ್ತದೆ: ಕೆಂಪಾದರೆ ಅತ್ಯಂತ ವಿಷ, ಆಮೇಲೆ ಕ್ರಮವಾಗಿ ಹಳದಿ, ನೀಲಿ, ಹಸುರು. ಹಸುರೆಂದರೆ ನಿರ್ವಿಷವೆಂದಲ್ಲ, ಇದ್ದುದರಲ್ಲಿ ಕಡಿಮೆ ಎಂದಷ್ಟೇ ಅರ್ಥ.

ಗೃಹಸ್ಥರು ನೆನಪಿಡಬೇಕಾದ ನಿಯಮಗಳು ಹೆಚ್ಚಿಲ್ಲ. ಚೀಟಿಯಲ್ಲಿ ತಮ್ಮ ಹುಲ್ಲಿನ ಹೆಸರೂ ತಮ್ಮ ಕಳೆಯ ಹೆಸರೂ ಇಲ್ಲದ ಔಷಧವನ್ನು ಮನೆಯೊಳಕ್ಕೆ ತರಬಾರದು. ಮಾರುಕಟ್ಟೆಯಲ್ಲಿ ದೊರೆಯುವ ಬಹುಪಾಲು ಕಳೆನಾಶಕಗಳು ಹೊಲದ ಬೆಳೆಗಾಗಿ ಮಾಡಿದವು, ಅಂಗಳಕ್ಕಾಗಿ ಅಲ್ಲ. ಗಾಳಿ ಬೀಸುವಾಗ ಸಿಂಪಡಿಸಬಾರದು. ೨,೪-ಡಿ ಗಾಳಿಯಲ್ಲಿ ತೇಲಿ ಪಕ್ಕದ ಮನೆಯ ಟೊಮೆಟೊ ಗಿಡವನ್ನೂ ದ್ರಾಕ್ಷಿಯ ಬಳ್ಳಿಯನ್ನೂ ಮುರುಟಿಸಬಲ್ಲದು. ಸಿಂಪಡಿಸಿದ ಹುಲ್ಲನ್ನು ಹಸುವಿಗೆ ಹಾಕಬಾರದು, ಪೂಜೆಗೆ ಕೀಳಬಾರದು. ಆರೋಗ್ಯಕ್ಕೆಂದು ಗರಿಕೆಯ ರಸ ಕುಡಿಯುವ ಮನೆಗಳಲ್ಲಂತೂ ಇದನ್ನು ಎಲ್ಲರಿಗೂ ಹೇಳಿಟ್ಟಿರಬೇಕು. ಮಕ್ಕಳನ್ನು ಅತ್ತ ಬಿಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಔಷಧ ಕೊಳ್ಳುವವರು ಒಬ್ಬರು, ಬೆನ್ನಿಗೆ ಹೊತ್ತು ಸಿಂಪಡಿಸುವವನು ಇನ್ನೊಬ್ಬ ಎಂಬುದನ್ನು ಮರೆಯಬಾರದು. ಆ ಬಡಾವಣೆಯ ಮನೆಯಲ್ಲಿ ಮಾಗಡಿಯವನು ಔಷಧವನ್ನು ಬರಿಗೈಯಲ್ಲಿ ಕಲಸಿ, ಬರಿಗಾಲಲ್ಲಿ ಹಾಸಿನ ಮೇಲೆ ನಡೆದಿದ್ದನು. ಕೈಚೀಲ ತೊಡಬೇಕೆಂಬ ಮಾತು ಕಾಗದದಲ್ಲಿತ್ತು. ಅವನಿಗೆ ಅದನ್ನು ಓದಿ ಹೇಳಿದವರಿರಲಿಲ್ಲ. ಅವನಿಗೆ ಏನೂ ಆಗಲಿಲ್ಲವೆಂಬುದು ಅವನ ಅದೃಷ್ಟ, ಮನೆಯವರ ಜಾಗರೂಕತೆಯಲ್ಲ.

ಸೊಸೆ ಆ ಕಾಗದವನ್ನು ಮಾವನವರ ಮುಂದಿಟ್ಟ ಸಂಜೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಮರುದಿನ ಆಳು ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಈ ಹುಲ್ಲು ಇಲ್ಲಿಯೇ ಏಕೆ ಹುಟ್ಟಿತು?” ಎಂಬುದು. ಅವನು ಎರಡು ಜಾಗ ತೋರಿಸಿದನು. ಒಂದು, ಗೇಟಿನಿಂದ ಬಾಗಿಲಿಗೆ ಅಡ್ಡದಾರಿಯಾಗಿ ಎಲ್ಲರೂ ತುಳಿಯುವ ಜಾಡು. ಇನ್ನೊಂದು, ಯಜಮಾನರ ಬೆತ್ತದ ಕುರ್ಚಿ ದಿನವೂ ಊರುವ ಸ್ಥಳ. ತುಳಿದು ತುಳಿದು ಗಟ್ಟಿಯಾದ ನೆಲದಲ್ಲಿ ಗರಿಕೆ ಸೊರಗುತ್ತದೆ, ಈ ಕಳೆ ಸೊಗಸಾಗಿ ಬೆಳೆಯುತ್ತದೆ. ಕಳೆಗೆ ಆಹ್ವಾನ ಕೊಟ್ಟವರು ಯಾರೆಂಬುದು ಬೇರೆ ಹೇಳಬೇಕಾಗಿರಲಿಲ್ಲ.

ಮಣ್ಣನ್ನು ಮುಳ್ಳುಗುದ್ದಲಿಯಿಂದ ಚುಚ್ಚಿ ಸಡಿಲಿಸಿದರು. ಓಡಾಡುವ ಜಾಡಿಗೆ ಕಲ್ಲುಚಪ್ಪಡಿ ಹಾಕಿದರು. ಹಾಸನ್ನು ಬೋಳಿಸಿದಂತೆ ಕತ್ತರಿಸುವುದನ್ನು ಬಿಟ್ಟು, ಒಂದು ಸಲಕ್ಕೆ ಗರಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಂತೆ ನಡೆದುಕೊಂಡರು. ಕುರ್ಚಿ ಜಗಲಿಗೆ ಬಂತು. ಮುಂದಿನ ಮುಂಗಾರಿಗೆ ಸತ್ತಿತೆಂದು ತಿಳಿದಿದ್ದ ಗರಿಕೆ ನೆಲದಾಳದ ಕಾಂಡದಿಂದ ಅಲ್ಲಲ್ಲಿ ಚಿಗುರಿತು. ಹೊಸ ದಂಪತಿಗಳ ವಂಶ ಗರಿಕೆಯಂತೆ ಹಬ್ಬಲೆಂದು ಹಿರಿಯರು ಹರಸುವುದು ಸುಮ್ಮನಲ್ಲ. ದಾಯಾದಿಯೂ ಬಂದನು, ಆದರೆ ಈ ಸಲ ತೆನೆ ಕಟ್ಟುವುದಕ್ಕೆ ಮೊದಲೇ, ಮಳೆಬಿದ್ದು ನೆಲ ಮೆತ್ತಗಿರುವ ಬೆಳಗಿನಲ್ಲಿ, ಬುಡಸಹಿತ ಹೊರಬಂದನು. ಇಪ್ಪತ್ತಡಿ ಮೂವತ್ತಡಿ ಹಾಸಿಗೆ ಇಬ್ಬರಿಗೆ ಎರಡು ಬೆಳಗಿನ ಕೆಲಸ. ಇಬ್ಬರೆಂದರೆ ಆಳು ಮತ್ತು ಯಜಮಾನರು, ಕುಕ್ಕರಗಾಲಿನಲ್ಲಿಯೇ.

ತಾಯಿಯವರಿಗಾಗಿ ತುಳಸಿಕಟ್ಟೆಯ ಪಕ್ಕದಲ್ಲಿ ಒಂದು ಅಗಲವಾದ ಕುಂಡ ಬಂದಿದೆ. ಮಾಗಡಿಯವನು ತನ್ನ ಹೊಲದ ಬದುವಿನಿಂದ ತಂದು ನೆಟ್ಟ ಗರಿಕೆ ಅದರಲ್ಲಿದೆ. ಸಂಕಷ್ಟದ ದಿನ ಅವರು ಅಲ್ಲಿಂದಲೇ ಇಪ್ಪತ್ತೊಂದು ಕುಡಿ ಎಣಿಸಿಕೊಳ್ಳುತ್ತಾರೆ. ಕೀಳುವ ಮೊದಲು ಒಮ್ಮೆ ತಲೆಯೆತ್ತಿ, “ಇದಕ್ಕೇನೂ ಹೊಡೆದಿಲ್ಲ ತಾನೇ?” ಎಂದು ಸೊಸೆಯನ್ನು ಕೇಳುವುದು ಮಾತ್ರ ಇನ್ನೂ ತಪ್ಪಿಲ್ಲ.